ರಾಗಿಯ ಮುದ್ದೆಯೂ ಹೃದ್ರೋಗವೂ

ರಾಗಿಯನ್ನು ಉಣ್ಣುವವರಿಗೆ ಹೃದ್ರೋಗವು ಬಾರದೆಂಬ ಮಾತು ಈಚಿನ ವರ್ಷಗಳಲ್ಲಿ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿರುತ್ತದೆ. ವಿಶ್ವಸಂಸ್ಥೆಯವರು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಈ ಮಾತಿಗೆ ಮತ್ತಷ್ಟು ಬಲ ಬಂದಿತು. ಪಟ್ಟಣದ ಅಂಗಡಿಗಳಲ್ಲಿ ರಾಗಿಯ ಬಿಸ್ಕತ್ತು, ರಾಗಿಯ ಲಾಡು, ರಾಗಿಯ ಮಾಲ್ಟು ಮುಂತಾದುವು ಔಷಧಿಯ ಸೀಸೆಗಳಂತೆ ಸಾಲಾಗಿ ಕುಳಿತಿವೆ. ಇದರಿಂದ ಖುಷ್ಕಿಯ ಬೇಸಾಯಗಾರನಿಗೆ ನಾಲ್ಕು ಕಾಸು ಹೆಚ್ಚಾಗಿ ದೊರೆಯುವುದಾದರೆ ಅದು ಸಂತೋಷದ ಸಂಗತಿಯೇ ಸರಿ. ಆದರೆ ಬೆಳೆಯುವವನಿಗೆ ಅನುಕೂಲವಾದ ಮಾತೆಂದ ಮಾತ್ರಕ್ಕೆ ಅದು ನಿಜವಾಗಿಬಿಡಲಾರದು. ತಲೆತಲಾಂತರದಿಂದ ರಾಗಿಯನ್ನೇ ಬೆಳೆದು ರಾಗಿಯನ್ನೇ ಉಂಡು ಬಂದ ಮನೆಗಳಲ್ಲಿಯೂ ನಡುವಯಸ್ಸಿನ ಗಂಡಸರು ಎದೆಯನ್ನು ಹಿಡಿದುಕೊಂಡು ಕುಸಿಯುವುದು ಈಗ ಅಪರೂಪವಲ್ಲ. ಧಾನ್ಯ ಒಳ್ಳೆಯದಾಗಿದ್ದೂ ಹೀಗೇಕೆಂದು ವಿಚಾರಮಾಡತಕ್ಕದ್ದು ಅವಶ್ಯಕವಾಗಿದೆ.

ಹೃದಯ ಮತ್ತು ರಕ್ತನಾಳಗಳ ರೋಗಗಳಿಂದ ಭಾರತದಲ್ಲಿ ಸಾಯುವವರ ಪಾಲು 1990ರಲ್ಲಿ ಒಟ್ಟು ಮರಣಗಳ ನೂರಕ್ಕೆ ಸುಮಾರು 15ರಷ್ಟಿದ್ದುದು 2016ರ ವೇಳೆಗೆ ನೂರಕ್ಕೆ ಸುಮಾರು 28ಕ್ಕೆ ಏರಿತೆಂದು ಲೆಕ್ಕಹಾಕಲಾಗಿದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಎಂಬ ದೊಡ್ಡ ಪರಿಶೀಲನೆಯ ಪ್ರಕಾರ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವು ಇತರ ದೇಶದವರಿಗಿಂತ ಐದಾರು ವರ್ಷ ಮುಂಚಿತವಾಗಿಯೇ ಬರುತ್ತದೆ. ಐದಾರು ವರ್ಷವೆಂದರೆ ಅಲ್ಪವೆಂದು ತೋರಬಹುದು. ಮಗಳ ಮದುವೆ, ಮಗನ ಓದು, ಸಹಕಾರ ಸಂಘದ ಸಾಲ, ಇವು ಮೂರೂ ಮುಗಿಯದೆ ಇರುವ ಮನೆಯಲ್ಲಿ ಅದು ಅಲ್ಪವಲ್ಲ. ಅದೇ ಪರಿಶೀಲನೆಯು ಹೊಗೆಸೊಪ್ಪು, ರಕ್ತದ ಜಿಡ್ಡಿನ ಏರುಪೇರು, ರಕ್ತದೊತ್ತಡ, ಸಿಹಿಮೂತ್ರ, ಹೊಟ್ಟೆಯ ಬೊಜ್ಜು, ಹಣ್ಣುತರಕಾರಿಗಳ ಕೊರತೆ, ಮೈದಣಿಯದಿರುವುದು ಮೊದಲಾದ ಒಂಬತ್ತು ಸಂಗತಿಗಳಿಂದಲೇ ಹೃದಯಾಘಾತಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಕಾರಣವನ್ನು ಹೇಳಬಹುದೆಂದು ತೋರಿಸಿತು. ಹಣೆಯಬರಹವೆಂದು ಕೈಕಟ್ಟಿ ಕುಳಿತುಕೊಳ್ಳುವುದಕ್ಕೆ ಇದರಲ್ಲಿ ಆಸ್ಪದ ಬಹಳ ಕಡಿಮೆ.

ಉಂಡ ಅನ್ನವು ಹೃದಯದ ನಾಳದವರೆಗೆ ಹೇಗೆ ತಲಪುತ್ತದೆಂಬುದನ್ನು ಕೆರೆಯ ಅಚ್ಚುಕಟ್ಟನ್ನು ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಅಕ್ಕಿಯಾಗಲಿ, ರಾಗಿಯಾಗಲಿ, ಜೋಳವಾಗಲಿ, ಅದರಲ್ಲಿನ ಪಿಷ್ಟವು ಕರುಳಿನಲ್ಲಿ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಇನ್ಸುಲಿನ್ ಎಂಬ ರಸವು ನೀರುಗಂಟಿಯ ಹಾಗೆ ತೂಬುಗಳನ್ನೆತ್ತಿ ಆ ಸಕ್ಕರೆಯನ್ನು ಗದ್ದೆಗಳಿಗೆ, ಎಂದರೆ ಮುಖ್ಯವಾಗಿ ಮಾಂಸಖಂಡಗಳಿಗೆ, ಹಾಯಿಸುತ್ತದೆ. ದುಡಿದು ಬರಿದಾದ ಖಂಡವು ಒಣಗಿದ ಗದ್ದೆಯಂತೆ ಅದನ್ನು ಹೀರಿಕೊಳ್ಳುತ್ತದೆ. ಕೆಲಸವಿಲ್ಲದೆ ಮೊದಲೇ ತುಂಬಿರುವ ಖಂಡವಾದರೋ ಹೀರಿಕೊಳ್ಳಲೊಲ್ಲದು. ಆಗ ದೇಹವು ಒಬ್ಬ ನೀರುಗಂಟಿಯ ಕೈಯಲ್ಲಿ ಆಗದ ಕೆಲಸಕ್ಕೆ ನಾಲ್ವರನ್ನು ಅಟ್ಟುತ್ತದೆ. ರಕ್ತದಲ್ಲಿ ಇನ್ಸುಲಿನ್ ಹೆಚ್ಚುತ್ತದೆ, ಮಿಕ್ಕ ಸಕ್ಕರೆಯು ಯಕೃತ್ತಿನಲ್ಲಿ ಜಿಡ್ಡಾಗಿ ಮಾರ್ಪಡುತ್ತದೆ. ಯಕೃತ್ತು ಅದರಲ್ಲಿ ಸ್ವಲ್ಪವನ್ನು ತನ್ನಲ್ಲಿಯೇ ಇಟ್ಟುಕೊಂಡು ಊದಿಕೊಳ್ಳುತ್ತದೆ, ಉಳಿದುದನ್ನು ಟ್ರೈಗ್ಲಿಸರೈಡ್ ಎಂಬ ರೂಪದಲ್ಲಿ ರಕ್ತಕ್ಕೆ ಕೋಡಿಹರಿಸುತ್ತದೆ. ಇದು ಹೆಚ್ಚಿದಂತೆಲ್ಲಾ ಒಳ್ಳೆಯ ಕೊಲೆಸ್ಟರಾಲೆಂದು ಹೆಸರುಪಡೆದ ಎಚ್.ಡಿ.ಎಲ್. ಇಳಿಯುತ್ತದೆ, ಕೆಟ್ಟದ್ದೆನಿಸಿದ ಎಲ್.ಡಿ.ಎಲ್.ನ ಕಣಗಳು ಸಣ್ಣವಾಗಿ, ಸಂಖ್ಯೆಯಲ್ಲಿ ಬಹಳವಾಗಿ, ನಾಳದ ಗೋಡೆಯೊಳಕ್ಕೆ ನುಸುಳುತ್ತವೆ. ಅಲ್ಲಿ ಕಟ್ಟಿದ ಗಡ್ಡೆಯು ಒಂದು ದಿನ ಬಿರಿದು, ಅದರ ಮೇಲೆ ರಕ್ತವು ಹೆಪ್ಪುಗಟ್ಟಿದಾಗ ನಾಳವು ಮುಚ್ಚಿಹೋಗುತ್ತದೆ. ಈ ಎಲ್ಲ ಕೇಡುಗಳೂ ಒಂದೇ ಬೇರಿನಿಂದ ಹೊರಟ ಕವಲುಗಳೆಂಬ ವಿಚಾರವನ್ನು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ಎಂಬವರು 1988ರಲ್ಲಿ ಮಂಡಿಸಿದರು. ಅಲ್ಲಿಯವರೆಗೆ ಡಾಕ್ಟರುಗಳು ಸಕ್ಕರೆಯನ್ನು ಒಂದು ರೋಗವೆಂದೂ ರಕ್ತದೊತ್ತಡವನ್ನು ಬೇರೆಯದೇ ಒಂದು ರೋಗವೆಂದೂ ನೋಡುತ್ತಿದ್ದುದೇ ಹೆಚ್ಚು.

ಈ ಕೆಡುಕನ್ನು ಗುರುತಿಸುವುದಕ್ಕೆ ಐದು ಗುರುತುಗಳನ್ನು ವೈದ್ಯರು ಇಟ್ಟುಕೊಂಡಿದ್ದಾರೆ. ಸೊಂಟದ ಸುತ್ತಳತೆ ಈ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ಮುಟ್ಟಿರುವುದು, ಟ್ರೈಗ್ಲಿಸರೈಡ್ 150ನ್ನು ಮುಟ್ಟಿರುವುದು, ಎಚ್.ಡಿ.ಎಲ್. ಗಂಡಸರಲ್ಲಿ 40ಕ್ಕೂ ಹೆಂಗಸರಲ್ಲಿ 50ಕ್ಕೂ ಕೆಳಗಿರುವುದು. ರಕ್ತದೊತ್ತಡ 130ಕ್ಕೆ 85 ಆಗಿರುವುದು. ಬೆಳಗಿನ ಬರಿಹೊಟ್ಟೆಯ ಸಕ್ಕರೆ 100ನ್ನು ಮುಟ್ಟಿರುವುದು. ಇವುಗಳಲ್ಲಿ ಮೂರು ಸೇರಿದರೆ ಎಚ್ಚರಗೊಳ್ಳತಕ್ಕದ್ದು. ಮೈ ತೆಳ್ಳಗಿದೆಯೆಂದು ಧೈರ್ಯವಾಗಿರುವವರು ಮೊದಲನೆಯ ಗುರುತನ್ನು ವಿಶೇಷವಾಗಿ ಗಮನಿಸಬೇಕು. ಕೈಕಾಲು ಸಣ್ಣ, ಹೊಟ್ಟೆ ಮುಂದೆ, ಖಂಡ ಕಡಿಮೆ ಎಂಬ ಮೈಕಟ್ಟು ಈ ದೇಶದಲ್ಲಿ ಬಹಳ ಸಾಮಾನ್ಯ. ಅಂಥವರನ್ನು ತಕ್ಕಡಿಯು ಮೆಚ್ಚುತ್ತದೆ, ಟೇಪು ಮೆಚ್ಚುವುದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಲ್ಲಿ ಸಿಹಿಮೂತ್ರವಿದ್ದವರು ನೂರಕ್ಕೆ 11 ಜನ, ಹೊಟ್ಟೆಯ ಬೊಜ್ಜಿದ್ದವರು ನೂರಕ್ಕೆ ಸುಮಾರು 40 ಜನ ಕಂಡುಬಂದರು.

ಇನ್ನು ರಾಗಿಯ ವಿಚಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಹೊರತಂದ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಪಿಷ್ಟಾದಿಗಳು ಸುಮಾರು 67 ಗ್ರಾಂ, ನಾರು 11 ಗ್ರಾಂ, ಸುಣ್ಣದಂಶ 360 ಮಿಲಿಗ್ರಾಮಿನಷ್ಟಿವೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಪಿಷ್ಟಾದಿ 78 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ, ಸುಣ್ಣದಂಶವು 10 ಮಿಲಿಗ್ರಾಮೂ ಇಲ್ಲ. ರಾಗಿಯು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೂ 67 ಎಂಬುದು 67ಯೇ. ಎರಡು ದೊಡ್ಡ ಮುದ್ದೆಗಳನ್ನು ತಿಳಿಸಾರಿನಲ್ಲಿ ಅದ್ದಿ ನುಂಗಿ, ಮೇಲೆ ಅನ್ನವನ್ನೂ ಉಂಡು ಎದ್ದವನ ರಕ್ತಕ್ಕೆ ಇಳಿಯುವ ಸಕ್ಕರೆ ಸಾಮಾನ್ಯವಾದುದಲ್ಲ. ಅದೇ ಸಂಶೋಧನಾ ಮಂಡಳಿಯ ಸಮೀಕ್ಷೆಯಲ್ಲಿ ಸುಮಾರು 18,000 ವಯಸ್ಕರ ಊಟವನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಬಹಳ ಉಪಯುಕ್ತವಾಗಿದೆ. ದೇಶದವರು ಪಡೆಯುವ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆಂದೂ, ಪಾಲಿಷ್ ಧಾನ್ಯದ ಬದಲು ಇಡೀ ಗೋಧಿಯ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದ ಮಾತ್ರಕ್ಕೆ ಸಿಹಿಮೂತ್ರದ ಸಂಭವವು ಕಡಿಮೆಯಾಗಿ ಕಾಣಲಿಲ್ಲವೆಂದೂ, ಪಿಷ್ಟದಲ್ಲಿ ಒಂದು ಪಾಲನ್ನು ತೆಗೆದು ಆ ಸ್ಥಳದಲ್ಲಿ ಬೇಳೆಕಾಳು, ಹಾಲುಮೊಸರುಗಳ ಮಾಂಸಜನಕವನ್ನು ಇಟ್ಟವರಲ್ಲಿ ಕಡಿಮೆಯಾಗಿ ಕಂಡಿತೆಂದೂ ಅದರಲ್ಲಿ ಹೇಳಿದೆ. ಹೃದ್ರೋಗವನ್ನೇ ನೇರವಾಗಿ ಅಳೆದ ಪರಿಶೀಲನೆ ಅದಲ್ಲ. ಆದರೂ ಸಿಹಿಮೂತ್ರವು ಹೃದ್ರೋಗಕ್ಕೆ ಅರ್ಧದಾರಿ ಎಂಬುದನ್ನು ಮರೆಯಲಾಗದು.

ಹಾಗಾದರೆ ಹಿರಿಯರು ಮುದ್ದೆಯುಂಡೇ ಗಟ್ಟಿಯಾಗಿರಲಿಲ್ಲವೆ ಎಂದು ಕೇಳಬಹುದು. ಅವರು ಬರಿಯ ಮುದ್ದೆಯನ್ನು ಉಣ್ಣಲಿಲ್ಲ; ಹೊಲವನ್ನೇ ಉಂಡರು. ಹಳೆಯ ಮೈಸೂರಿನ ಖುಷ್ಕಿ ಹೊಲದಲ್ಲಿ ರಾಗಿಯು ಎಂದೂ ಒಂಟಿಯಾಗಿ ನಿಂತ ಪೈರಲ್ಲ. ಕೂರಿಗೆಯ ಹಿಂದೆ ಸಡ್ಡೆಯನ್ನು ಹಿಡಿದು ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಲ್ಲಲ್ಲಿ ಜೋಳವನ್ನೂ ಅಲಸಂದೆಯನ್ನೂ ಬಿತ್ತುತ್ತಿದ್ದರು. ರಾಗಿಯ ಹಿಂದೆ ಮುಂದೆ ಹುರುಳಿ ಬರುತ್ತಿತ್ತು. ಕಳೆ ತೆಗೆಯುವ ಹೆಂಗಸರು ಸಂಜೆಗೆ ಮಡಿಲಿನಲ್ಲಿ ಅಣ್ಣೆಸೊಪ್ಪು, ಹೊನಗೊನ್ನೆ, ಕಿರಕಸಾಲೆಯನ್ನು ತಂದು ಬೆರಕೆಸೊಪ್ಪಿನ ಸಾರು ಮಾಡುತ್ತಿದ್ದರು. ಅವರೆ, ಹುರುಳಿಗಳಲ್ಲಿ ಮಾಂಸಜನಕವು ನೂರಕ್ಕೆ ಸುಮಾರು 20ರಷ್ಟಿದೆ. ಹುಚ್ಚೆಳ್ಳಿನ ಜಿಡ್ಡು ಬಹುಪಾಲು ಹೃದಯಕ್ಕೆ ಹಿತವಾದ ಜಾತಿಯದು. ಮುದ್ದೆಗೆ ಹುರುಳಿಯ ಬಸ್ಸಾರು, ಪಕ್ಕಕ್ಕೆ ಸೊಪ್ಪಿನ ಪಲ್ಯ, ಹುಚ್ಚೆಳ್ಳಿನ ಚಟ್ನಿ, ಮಜ್ಜಿಗೆ ಎಂದಾಗ ತಟ್ಟೆಯಲ್ಲಿದ್ದುದು ಅದೇ ಅಕ್ಕಡಿ ಹೊಲ. ನಾರು, ಮಾಂಸಜನಕ, ಜಿಡ್ಡು ಜೊತೆಗೂಡಿ ಬಂದಾಗ ಪಿಷ್ಟವು ನಿಧಾನವಾಗಿ ಕರಗುತ್ತದೆ. ಕಟಾವಿನ ಯಂತ್ರಕ್ಕೂ ಕಳೆನಾಶಕಕ್ಕೂ ಅನುಕೂಲವಾಗಲೆಂದು ಅಕ್ಕಡಿಯನ್ನು ಬಿಟ್ಟ ಹೊಲಗಳಲ್ಲಿ ಈಗ ರಾಗಿಯೊಂದೇ ನಿಂತಿದೆ. ಅವರೆಯನ್ನು ಪೇಟೆಯಿಂದ ಕೊಳ್ಳಬೇಕಾದ ಮನೆಯಲ್ಲಿ ಸಾರು ತೆಳ್ಳಗಾಗುವುದು ಸಹಜ. ಹಿರಿಯರ ಊಟದಿಂದ ಮುದ್ದೆಯೊಂದನ್ನೇ ಬೇರ್ಪಡಿಸಿ ಹೊಗಳುವುದು ಜೋಡೆತ್ತಿನಲ್ಲಿ ಒಂದನ್ನು ಮಾರಿ ಉಳಿದುದರಿಂದ ನೇಗಿಲು ಹೂಡಲು ಹೊರಟಂತೆ.

ದುಡಿಮೆಯ ಮಾತೂ ಇದಕ್ಕೆ ಸೇರಿದ್ದೇ. ಒಂದು ಎಕರೆಯನ್ನು ಉಳುವುದಕ್ಕೆ ನೇಗಿಲಿನ ಹಿಂದೆ ಹತ್ತಾರು ಮೈಲಿ ನಡೆಯುತ್ತಿದ್ದವನ ಮಗನು ಈಗ ಟ್ರ್ಯಾಕ್ಟರಿನ ಮೇಲೆ ಕುಳಿತು ಒಂದೆರಡು ಗಂಟೆಯಲ್ಲಿ ಉತ್ತು ಬರುತ್ತಾನೆ. ಬಾವಿಯ ಏತ ಹೋಗಿ ಪಂಪಿನ ಗುಂಡಿ ಬಂದಿದೆ. ಅದನ್ನು ಕೆಲವರು ಮನೆಯಲ್ಲಿಯೇ ಕುಳಿತು ಮೊಬೈಲಿನಿಂದ ಒತ್ತುತ್ತಾರೆ. ಕಷ್ಟ ಕಡಿಮೆಯಾದುದು ಒಳ್ಳೆಯದೇ. ಬೆನ್ನುಮುರಿಯುವ ದುಡಿಮೆಯನ್ನು ಹಿಂದಕ್ಕೆ ಕರೆಯಬೇಕೆಂದು ಯಾರೂ ಹೇಳಲಾರರು. ಮುದ್ದೆಯ ಗಾತ್ರ ಮಾತ್ರ ತಂದೆಯದೇ ಉಳಿಯಿತು.

ತರಿ ಜಮೀನಿನ ಕಥೆ ಇನ್ನೊಂದು ಬಗೆಯದು. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ಮಂಡ್ಯದ ಸೀಮೆಗೆ ಹರಿದುಬಂದು, 1933ರಲ್ಲಿ ಸಕ್ಕರೆಯ ಕಾರ್ಖಾನೆ ಸ್ಥಾಪಿತವಾದ ಮೇಲೆ ರಾಗಿ ಹುರುಳಿಗಳ ಹೊಲಗಳು ಬತ್ತ ಕಬ್ಬುಗಳ ಗದ್ದೆಗಳಾದುವು. ಬರಗಾಲದ ಭಯ ತೊಲಗಿತು, ಊರುಗಳು ಏಳಿಗೆಗೊಂಡುವು. 2013ರಲ್ಲಿ ಅನ್ನಭಾಗ್ಯದ ಅಕ್ಕಿಯು ಹಸಿದವರ ಹೊಟ್ಟೆಯನ್ನು ತುಂಬಿಸಿದುದೂ ಸಣ್ಣ ಕಾರ್ಯವಲ್ಲ. ಆದರೆ ಹಸಿವನ್ನು ಕಳೆಯುವ ಚೀಲದಲ್ಲಿ ಅಕ್ಕಿಯೊಡನೆ ಬೇಳೆಗೂ ಸರಿಯಾದ ಸ್ಥಳವಿರಬೇಕಾಗಿತ್ತೆಂಬುದು ವಿಚಾರವಂತರು ಒಪ್ಪತಕ್ಕ ಮಾತು.

ಬೆಲ್ಲವು ಸಕ್ಕರೆಗಿಂತ ಮೇಲೆಂದು ರಾಗಿಯ ಮಾಲ್ಟಿಗೆ ಧಾರಾಳವಾಗಿ ಸುರಿಯುವವರಿದ್ದಾರೆ. ರಕ್ತಕ್ಕೆ ಇಳಿದ ಮೇಲೆ ಎರಡಕ್ಕೂ ಹೆಚ್ಚಿನ ಭೇದವಿಲ್ಲ. ಎಣ್ಣೆಯನ್ನೆಲ್ಲಾ ಬಿಟ್ಟುಬಿಡಬೇಕೆಂಬ ಉಪದೇಶವೂ ಅಷ್ಟು ಸರಿಯಾದುದಲ್ಲ. ಸ್ಪೇನ್ ದೇಶದ ‘ಪ್ರೆಡಿಮೆಡ್’ ಪರೀಕ್ಷೆಯಲ್ಲಿ ಆಲಿವ್ ಎಣ್ಣೆಯನ್ನೋ ಬಾದಾಮಿ ಮೊದಲಾದ ಬೀಜಗಳನ್ನೋ ಹೆಚ್ಚಾಗಿ ಕೊಟ್ಟವರಲ್ಲಿ ಹೃದಯಾಘಾತ, ಲಕ್ವ ಮುಂತಾದುವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾದುವು. 2013ರಲ್ಲಿ ಪ್ರಕಟವಾದ ಅದನ್ನು ದೋಷಗಳಿಗಾಗಿ ಹಿಂದೆಗೆದುಕೊಂಡು 2018ರಲ್ಲಿ ಮತ್ತೆ ತಿದ್ದಿ ಪ್ರಕಟಿಸಿದಾಗಲೂ ಫಲವು ಹೆಚ್ಚುಕಡಮೆ ಅದೇ ಆಗಿತ್ತು. ಇಲ್ಲಿನವರು ಆಲಿವ್ ಎಣ್ಣೆಯನ್ನು ತರಿಸಬೇಕಾದುದಿಲ್ಲ, ಒಂದು ಹಿಡಿ ಕಡಲೆಕಾಯಿ ಬೀಜ ಸಾಕು. ವನಸ್ಪತಿಯಲ್ಲಿ ಹುಟ್ಟುವ ಟ್ರಾನ್ಸ್ ಜಿಡ್ಡನ್ನು 2022ರ ಜನವರಿಯಿಂದ ನೂರಕ್ಕೆ 2ಕ್ಕೆ ಮಿತಗೊಳಿಸಿರುವುದು ಸ್ತುತ್ಯವಾದ ಕ್ರಮ. ಬೀಡಿಯನ್ನು ಬಿಡದೆ ಅಕ್ಕಿಯನ್ನು ಬಿಟ್ಟವನಿಗೆ ಈ ಯಾವುದರಿಂದಲೂ ಹೆಚ್ಚು ಪ್ರಯೋಜನವಾಗದು. ಡಾಕ್ಟರು ಕೊಟ್ಟ ಗುಳಿಗೆಯನ್ನು ನಿಲ್ಲಿಸಿ ಸಿರಿಧಾನ್ಯದ ಗಂಜಿಯನ್ನು ಹಿಡಿಯುವುದು ಅಪಾಯವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಬೇಳೆಯ ಬೆಲೆ ಬಡವನಿಗೆ ಎಟುಕದೆಂಬ ಆಕ್ಷೇಪಣೆಯು ಮಾತ್ರ ತೂಕವುಳ್ಳದ್ದು. ಅದಕ್ಕೆ ಉತ್ತರವು ಅಂಗಡಿಯಲ್ಲಿಲ್ಲ, ಹೊಲದಲ್ಲಿದೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆಯನ್ನು ಹಾಕಿದರೆ ರಾಗಿಯ ಇಳುವರಿಗೆ ದೊಡ್ಡ ನಷ್ಟವಿಲ್ಲ. ಬೇರಿನ ಗಂಟುಗಳಿಂದ ಮಣ್ಣಿಗೂ ಲಾಭವಿದೆ. ಮಾರುವುದಕ್ಕೆ ಮುಂಚೆ ವರ್ಷದ ಕಾಳನ್ನು ಮನೆಗೆ ಎತ್ತಿಡುವ ಪದ್ಧತಿ ಮತ್ತೆ ಬರಬೇಕು. ಇದರಲ್ಲಿ ಇಲಾಖೆಯ ಪಾಲೂ ಇದೆ: ಅಕ್ಕಡಿಗೆ ಬೇಕಾದ ಬೀಜಗಳನ್ನು ರಾಗಿಯ ಬಿತ್ತನೆಬೀಜದ ಜೊತೆಯಲ್ಲಿಯೇ ಒಂದೇ ಕಟ್ಟಿನಲ್ಲಿ ಕೊಡುವುದು ಅಸಾಧ್ಯವೇನಲ್ಲ.

2015ರಲ್ಲಿ ಮಣ್ಣಿನ ಆರೋಗ್ಯದ ಚೀಟಿಗಳನ್ನು ಕೊಡುವ ಯೋಜನೆಯು ಆರಂಭವಾದ ಮೇಲೆ ತನ್ನ ಹೊಲದ ಹುಳಿ ಕ್ಷಾರಗಳೆಷ್ಟು, ರಂಜಕವೆಷ್ಟು ಎಂಬುದನ್ನು ಬಲ್ಲ ರೈತರು ಅನೇಕರಾಗಿದ್ದಾರೆ. ತಮ್ಮ ಸೊಂಟದ ಅಳತೆಯನ್ನೂ ರಕ್ತದ ಸಕ್ಕರೆಯನ್ನೂ ಬಲ್ಲವರು ಅವರಲ್ಲಿ ಎಷ್ಟು ಮಂದಿಯೆಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಮೂವತ್ತು ವರ್ಷ ದಾಟಿದವರಿಗೆ ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಸುವ ಏರ್ಪಾಡಿದೆ. ಬೇಸಿಗೆಯಲ್ಲಿ ಮಣ್ಣಿನ ಮಾದರಿಯನ್ನು ತೆಗೆದುಕೊಂಡು ಹೋಗುವ ದಿನವೇ ಬರಿಹೊಟ್ಟೆಯಲ್ಲಿ ಹೊರಟರೆ, ಎರಡು ಕೆಲಸಗಳೂ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತವೆ.