ಧಾರಾವಾಹಿಯ ಪ್ರೀತಿ, ಲೇಖಕರ ಅಪ್ರೀತಿ

ಒಂದು ಕೃತಿಯನ್ನು ಮನಸಾರೆ ಮೆಚ್ಚಿ, ಅದನ್ನು ಬರೆದವರನ್ನು ಮಾತ್ರ ಒಪ್ಪಲಾರದೆ ಹೋಗುವ ಇಕ್ಕಟ್ಟು ಸಾಹಿತ್ಯದ ಓದುಗರಿಗೆ ಹೊಸದಲ್ಲ. ಕಿರುತೆರೆಯ ಧಾರಾವಾಹಿಗಳು ಬಂದ ಮೇಲೆ ಅದು ಇನ್ನಷ್ಟು ತೊಡಕಾಗಿದೆ. ಪುಸ್ತಕದ ಮುಖಪುಟದಲ್ಲಿ ಲೇಖಕರ ಹೆಸರು ಎದ್ದು ಕಾಣುತ್ತದೆ. ಧಾರಾವಾಹಿಯಲ್ಲಾದರೋ ಅದು ಶೀರ್ಷಿಕೆಗೀತೆಯ ನಡುವೆ ಕ್ಷಣಮಾತ್ರ ಕಂಡು ಮರೆಯಾಗುತ್ತದೆ. ಬರೆದವರು ಯಾರೆಂದು ವಿಚಾರಿಸುವ ಹೊತ್ತಿಗೆ ಪಾತ್ರಗಳು ಮನೆಯವರೇ ಆಗಿಬಿಟ್ಟಿರುತ್ತವೆ.

ಇದಕ್ಕೆ ವಿರುದ್ಧವಾಗಿ, ಕೃತಿಗಿಂತ ಮೊದಲೇ ಅಪ್ರೀತಿ ಬಂದು ನಿಂತ ಸಂದರ್ಭವೂ ಉಂಟು. ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ಕ್ಕೆ (1988–90) ಸಂಭಾಷಣೆ ಬರೆಯುವವರು ರಾಹಿ ಮಾಸೂಮ್ ರಜಾ ಎಂದು ತಿಳಿದಾಗ, ಮುಸಲ್ಮಾನರೊಬ್ಬರು ಇದನ್ನು ಬರೆಯುವುದೇ ಎಂಬ ಆಕ್ಷೇಪದ ಪತ್ರಗಳು ಬಂದವು. ಕಾಲವನ್ನೇ ನಿರೂಪಕನನ್ನಾಗಿ ಮಾಡಿದ ಆ ಧಾರಾವಾಹಿಯನ್ನು ದೇಶವೇ 94 ಕಂತುಗಳುದ್ದಕ್ಕೂ ಕುಳಿತು ನೋಡಿತು. ಗದುಗಿನ ಭಾರತದ ಗಮಕವನ್ನು ಕೇಳಿ ಬೆಳೆದ ಮುಂಬಯಿ, ಪುಣೆಗಳ ಕನ್ನಡ ಮನೆಗಳೂ ಭಾನುವಾರ ಬೆಳಗ್ಗೆ ಅದರ ಮುಂದೆ ಇದ್ದವು. ಹುಟ್ಟನ್ನು ನೋಡಿ ಹುಟ್ಟಿದ ಅಂಥ ಅಪ್ರೀತಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ಓದಿದ ಮೇಲೆ ಮೂಡುವ ಅಪ್ರೀತಿಯ ಮಾತು ಬೇರೆ. ಕನ್ನಡದಲ್ಲಿ ಅದಕ್ಕೆ ಎಸ್. ಎಲ್. ಭೈರಪ್ಪನವರಿಗಿಂತ ದೊಡ್ಡ ನಿದರ್ಶನವಿಲ್ಲ. 1970ರಲ್ಲಿ ಪ್ರಕಟವಾದ ‘ಗೃಹಭಂಗ’ವನ್ನು ಈ ಶತಮಾನದ ಮೊದಲ ದಶಕದಲ್ಲಿ ಗಿರೀಶ ಕಾಸರವಳ್ಳಿಯವರು ಧಾರಾವಾಹಿಯಾಗಿ ನಿರ್ದೇಶಿಸಿದರು. ಕಾದಂಬರಿಯನ್ನು ಎಂದೂ ಕೈಗೆತ್ತಿಕೊಳ್ಳದವರಿಗೂ ನಂಜಮ್ಮ ಆಪ್ತಳಾದಳು: ಗಂಡನ ಅಸಮರ್ಥತೆಯನ್ನು ಮುಚ್ಚಿ ತಾನೇ ಶಾನುಭೋಗಿಕೆಯ ಲೆಕ್ಕ ಬರೆಯುವ, ಅತ್ತೆ ಗಂಗಮ್ಮನ ಬೈಗುಳ ನುಂಗುವ, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಳ್ಳುವ ನಂಜಮ್ಮ. ಇದೇ ಲೇಖಕರು 2006ರಲ್ಲಿ ಟಿಪ್ಪುವನ್ನು ಕುರಿತು ಪತ್ರಿಕೆಯಲ್ಲಿ ಗಿರೀಶ ಕಾರ್ನಾಡರೊಡನೆ ವಾದಕ್ಕಿಳಿದರು. 2007ರಲ್ಲಿ ‘ಆವರಣ’ ಬಂದಿತು. ‘ವಂಶವೃಕ್ಷ’ವನ್ನು ಬಿ. ವಿ. ಕಾರಂತರೊಡನೆ ಚಿತ್ರವಾಗಿಸಿದ್ದ ಕಾರ್ನಾಡರೇ ಎದುರುಪಕ್ಷದಲ್ಲಿ ನಿಂತರೆಂಬುದು ಗಮನಾರ್ಹ. ಅಂದಿನಿಂದ ‘ಗೃಹಭಂಗ’ದ ನೆನಪಿಗೆ ಕಣ್ಣೊದ್ದೆಯಾಗುವ ಎಷ್ಟೋ ಓದುಗರು ಅದನ್ನು ಬರೆದವರ ಹೆಸರು ಬಂದರೆ ಮುಖ ತಿರುಗಿಸುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗಲೂ ಈ ಇಬ್ಬಗೆ ಮಾಯವಾಗಲಿಲ್ಲ.

ವಿಮರ್ಶೆಯ ಪರಂಪರೆ ಇಲ್ಲಿ ಎರಡು ಸುಲಭದ ದಾರಿಗಳನ್ನು ತೋರಿಸುತ್ತದೆ. ಲೇಖಕರನ್ನು ಬದಿಗಿಡಿ, ಕೃತಿಯನ್ನಷ್ಟೇ ಓದಿ ಎಂದಿತು ನವ್ಯ. ಲೇಖಕರು ಯಾರ ಪರವಾಗಿದ್ದಾರೆಂದು ಮೊದಲು ಕೇಳಿ ಎಂದಿತು ಬಂಡಾಯ. ‘ಗೃಹಭಂಗ’ದ ಮುಂದೆ ಎರಡೂ ಸೋಲುತ್ತವೆ. ‘ಭಿತ್ತಿ’ಯನ್ನು ಓದಿದವರಿಗೆ ಗೊತ್ತಿದೆ, ಆ ಕಾದಂಬರಿಯ ಸಂಕಟ ಲೇಖಕರ ಬಾಲ್ಯದ್ದು, ತಾಯಿಯದು. ಲೇಖಕರನ್ನು ಬದಿಗಿಟ್ಟರೆ ನಂಜಮ್ಮನೂ ಅರ್ಧ ಬದಿಗೆ ಸರಿಯುತ್ತಾಳೆ. ಇತ್ತ, ಸಂಪ್ರದಾಯದ ವಕೀಲರೆಂದು ಲೇಖಕರನ್ನು ಮೊದಲೇ ಗುರುತಿಸಿಟ್ಟುಕೊಂಡವರಿಗೆ ಕಾದಂಬರಿಯೊಳಗಿನ ಪುರೋಹಿತರ ಲೋಭವಾಗಲಿ, ಕುಟುಂಬದ ಕ್ರೌರ್ಯವಾಗಲಿ, ಬ್ರಾಹ್ಮಣ ಬಂಧುಗಳಿಂದ ದೊರೆಯದ ಆಸರೆಯನ್ನು ಜಂಗಮ ಮಹಾದೇವಯ್ಯನವರಲ್ಲಿ ಕಾಣುವ ಪರಿಯಾಗಲಿ ಕಣ್ಣಿಗೆ ಬೀಳುವುದೇ ಇಲ್ಲ. (ಈ ಲೇಖಕರ ಪಿಎಚ್.ಡಿ. ಪ್ರಬಂಧದ ವಿಷಯ ‘ಸತ್ಯ ಮತ್ತು ಸೌಂದರ್ಯ’. ಅವುಗಳ ನಂಟು ಅವರನ್ನು ಕಾಡಿದಷ್ಟೇ ಅವರ ಓದುಗರನ್ನೂ ಕಾಡುತ್ತಿದೆ.)

ಕಾಸರವಳ್ಳಿಯವರು ಹಿಡಿದ ದಾರಿ ಇವೆರಡಕ್ಕಿಂತ ಕಷ್ಟದ್ದು. ಅನಂತಮೂರ್ತಿಯವರ ಕಥೆಯಿಂದ ‘ಘಟಶ್ರಾದ್ಧ’ (1977) ಮಾಡಿದ ನಿರ್ದೇಶಕರೇ ಭೈರಪ್ಪನವರ ‘ನಾಯಿ ನೆರಳು’ವನ್ನು 2006ರಲ್ಲಿ ತೆರೆಗೆ ತಂದರು. ಮೂಲದಲ್ಲಿ ಪುನರ್ಜನ್ಮದ ಪ್ರಶ್ನೆಗಿರುವ ಭಾರವನ್ನು ಚಿತ್ರದಲ್ಲಿ ಹೆಣ್ಣಿನ ಬದುಕಿನ ಪ್ರಶ್ನೆಯ ಕಡೆಗೆ ಸರಿಸಿದರು. ಒಪ್ಪದ ಕಡೆ ಕೃತಿಯನ್ನು ಕೈಬಿಡದೆ, ಕೃತಿಯೊಳಗೇ ನಿಂತು ಬೇರೆ ಉತ್ತರ ಹುಡುಕುವ ಕ್ರಮವಿದು. ಧಾರಾವಾಹಿ, ಚಲನಚಿತ್ರಗಳಲ್ಲಿ ಇದು ಸಾಧ್ಯ; ಏಕೆಂದರೆ ಅಲ್ಲಿ ಬರೆದವರದು ಒಂದು ಪಾಲು ಮಾತ್ರ. ನಟಿಯ ಮೌನವೂ ಛಾಯಾಗ್ರಾಹಕರ ಬೆಳಕೂ ಲೇಖಕರ ಮತಕ್ಕೆ ಸಹಿ ಹಾಕಿದವಲ್ಲ.

ಈ ಮಾತಿಗೂ ಎಲ್ಲೆಯಿದೆ. ಅಮೆರಿಕದಲ್ಲಿ ‘ಬಫಿ ದ ವ್ಯಾಂಪೈರ್ ಸ್ಲೇಯರ್’ (1997–2003) ಧಾರಾವಾಹಿ ಗಟ್ಟಿ ಹೆಣ್ಣುಪಾತ್ರಕ್ಕೆ ಹೆಸರಾಯಿತು. ಸ್ತ್ರೀವಾದಿ ಅಧ್ಯಯನಗಳಿಗೂ ವಸ್ತುವಾಯಿತು. ಅದನ್ನು ರೂಪಿಸಿದ ಲೇಖಕ ಜಾಸ್ ವೀಡನ್ ಚಿತ್ರೀಕರಣದ ವೇಳೆ ತಮ್ಮನ್ನು ಕ್ರೂರವಾಗಿ ನಡೆಸಿಕೊಂಡರೆಂದು ನಟಿ ಕರಿಸ್ಮಾ ಕಾರ್ಪೆಂಟರ್ 2021ರಲ್ಲಿ ಆಪಾದಿಸಿದರು. ಮತ್ತೆ ಕೆಲವರು ದನಿಗೂಡಿಸಿದರು. ತಮ್ಮ ಮೇಲಿನ ಆಪಾದನೆಗಳಲ್ಲಿ ಹಲವನ್ನು ವೀಡನ್ ಮರುವರ್ಷ ಅಲ್ಲಗಳೆದರು. ಇಲ್ಲಿ ವಿವಾದ ಅಭಿಪ್ರಾಯದ್ದಲ್ಲ, ನಡತೆಯದು. ಅದೂ ಆ ಧಾರಾವಾಹಿ ತಯಾರಾದ ಜಾಗದಲ್ಲೇ ನಡೆಯಿತೆಂಬ ನಡತೆಯದು. ಅದನ್ನು ಭಿನ್ನಾಭಿಪ್ರಾಯದ ಸಾಲಿನಲ್ಲಿಟ್ಟು ಸಮಾಧಾನ ಹೇಳುವುದು ನೊಂದವರಿಗೆ ಮಾಡುವ ಅನ್ಯಾಯ. ಆದರೂ ಆ ಧಾರಾವಾಹಿಯನ್ನು ಹೊರಹಾಕಿದರೆ ಲೇಖಕರೊಡನೆ ಆ ನಟಿಯರ ದುಡಿಮೆಯೂ ಹೊರಬೀಳುತ್ತದೆ.

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ಚರ್ಚೆ ದೂರದ್ದಲ್ಲ. ವಿದ್ಯಾರ್ಥಿಗಳ ಸಂಖ್ಯೆ ಕಡಿಮೆ, ಪಠ್ಯಗಳಿಗಿರುವ ಅವಕಾಶವೂ ಕಡಿಮೆ. ಹೆಸರು ನೋಡಿ ಒಂದು ಪುಸ್ತಕವನ್ನು ಬಿಟ್ಟರೆ, ಆ ವಿದ್ಯಾರ್ಥಿಗೆ ಅದು ಇನ್ನೊಂದು ಬಾಗಿಲಿನಿಂದ ಬರುವ ಸಂಭವ ಕಡಿಮೆ. ‘ಗೃಹಭಂಗ’ವನ್ನೂ ‘ಆವರಣ’ವನ್ನೂ ಒಂದೇ ಸೆಮಿಸ್ಟರಿನಲ್ಲಿ ಅಕ್ಕಪಕ್ಕ ಇಟ್ಟು ಓದಿಸಬೇಕು. ಮೊದಲನೆಯದರಲ್ಲಿ ಕೇಡು ಬೆಳೆಯುವುದು ಮನೆಯ ಒಳಗೆ, ತಮ್ಮವರ ಜಡತೆಯಲ್ಲಿ, ಲೋಭದಲ್ಲಿ. ಎರಡನೆಯದರಲ್ಲಿ ಅದು ಬಹುಮಟ್ಟಿಗೆ ಹೊರಗಿನಿಂದ, ಇತಿಹಾಸದಿಂದ ಬರುತ್ತದೆ. ಒಬ್ಬರೇ ಲೇಖಕರ ಕೈಯಲ್ಲಿ, 37 ವರ್ಷಗಳ ಅಂತರದಲ್ಲಿ, ಕೇಡಿನ ನೆಲೆ ಹೀಗೆ ಸ್ಥಳಾಂತರಗೊಂಡದ್ದು ಹೇಗೆ ಎಂಬುದು ಒಂದು ಸಂಶೋಧನ ಪ್ರಬಂಧಕ್ಕೆ ಸಾಲುವಷ್ಟು ದೊಡ್ಡ ಪ್ರಶ್ನೆ. ಅದನ್ನು ಕೇಳಲು ಎರಡನ್ನೂ ಪೂರ್ತಿ ಓದಿರಬೇಕು.