ಮಂಜು ಮತ್ತು ಹಳಿ

ಮಂಡ್ಯವನ್ನು ದಾಟಿ ಮೈಸೂರಿನ ಕಡೆಗೆ ಸಾಗುವ ದಾರಿಯಲ್ಲಿ, ಯಲಿಯೂರಿನ ಪುಟ್ಟ ನಿಲ್ದಾಣದಲ್ಲಿ, ಕಬ್ಬಿನ ಗದ್ದೆಗಳು ಇಬ್ಬನಿಯಲ್ಲಿ ಮಸುಕಾಗಿರುವ ಧನುರ್ಮಾಸದ ಮುಂಜಾವಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ, ತಲೆಗೆ ಟವೆಲ್ ಸುತ್ತಿದ್ದ ಹಿರಿಯರೊಬ್ಬರು ಪತ್ರಿಕೆಯಲ್ಲಿ ಉತ್ತರದ ಗಾಡಿಗಳೆಲ್ಲ ತಡವೆಂಬ ಸುದ್ದಿಯನ್ನೋದಿ, "ಐಸ್ ಬೀಳೋ ದೇಶದಲ್ಲೇ ರೈಲು ಓಡ್ತದಂತೆ, ನಮ್ಮೋರ್ಗೆ ಮಂಜೇ ದೊಡ್ಡದಾಯ್ತಾ?" ಎಂದರು.

ಪ್ರಶ್ನೆ ನ್ಯಾಯವಾದುದೇ, ಆದರೆ ಹಿಮಕ್ಕೂ ಕಾವಳಕ್ಕೂ ನಾವು ಮಂಜೆಂಬ ಒಂದೇ ಹೆಸರಿಡುವುದರಿಂದ ತುಲನೆ ದಾರಿ ತಪ್ಪುತ್ತದೆ. ಹಿಮವು ಹಳಿಯನ್ನು ಮುಚ್ಚುತ್ತದೆ, ಕಾವಳವು ಕಣ್ಣನ್ನು ಮುಚ್ಚುತ್ತದೆ. ಮೈಸೂರಿಗೆ ಮೀಟರ್ ಗೇಜ್ ಹಳಿ ತಲುಪಿದ 1882ರಲ್ಲೇ ಆಲ್ಪ್ಸ್ ಪರ್ವತದಲ್ಲಿ 15 ಕಿಲೋಮೀಟರ್ ಸುರಂಗವುಳ್ಳ ಗೊಟ್‌ಹಾರ್ಡ್ ಮಾರ್ಗವೂ ತೆರೆಯಿತು. ಒಂದೇ ವಯಸ್ಸಿನ ಈ ಎರಡರಲ್ಲಿ ಒಂದಕ್ಕೆ ಹಿಮಪಾತವನ್ನು ತಡೆಯುವ ಛಾವಣಿಗಳು ಬೇಕಾದವು, ಇನ್ನೊಂದಕ್ಕೆ ಕಾವೇರಿಯ ಮೇಲೆ ಸೇತುವೆ ಸಾಕಾಯಿತು. ಜಪಾನಿನ ಜೋಯೆತ್ಸು ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಮಾರ್ಗವು ಬೆಚ್ಚನೆಯ ನೀರು ಸಿಂಪಡಿಸಿ ಹಿಮ ಕರಗಿಸುತ್ತದೆ. 1991ರ ಫೆಬ್ರವರಿಯಲ್ಲಿ ಪುಡಿಹಿಮವು ಮೋಟಾರುಗಳೊಳಗೆ ನುಗ್ಗಿ ಬ್ರಿಟನ್ನಿನ ಗಾಡಿಗಳು ನಿಂತಾಗ ಜನ ನಕ್ಕರು. ಆದರೆ ವರ್ಷದಲ್ಲಿ ಕೆಲವೇ ದಿನ ಹಿಮ ಕಾಣುವ ನಾಡು ನಾರ್ವೆಯಷ್ಟು ಸಿದ್ಧತೆಗೆ ಹಣ ಸುರಿಯದಿದ್ದುದು ಅವಿವೇಕವಲ್ಲ. ತನ್ನ ನಿತ್ಯದ ಚಳಿಗೆ ಸಿದ್ಧವಾಗಿದೆಯೇ ಎಂಬುದೇ ಯಾವ ರೈಲ್ವೆಗಾದರೂ ಒಡ್ಡತಕ್ಕ ಪರೀಕ್ಷೆ.

ನಮ್ಮ ಚಳಿ ಕಣ್ಣಿಗೆ ಕಾಣದ ಬಗೆಯದು. ಉಷ್ಣತೆ 10 ಡಿಗ್ರಿ ಇಳಿದರೆ ಬಿಡಿಯಾದ ಒಂದು ಕಿಲೋಮೀಟರ್ ಹಳಿಯು ಸುಮಾರು 11 ಸೆಂಟಿಮೀಟರ್ ಕುಗ್ಗುತ್ತದೆ. ಬೆಸೆದು ಬಿಗಿದ ಹಳಿಗೆ ಕುಗ್ಗಲು ಎಡೆಯಿಲ್ಲವಾದುದರಿಂದ, ಆ ಎಳೆತವೆಲ್ಲ ಒಳಗೇ ಉಳಿದು, ಬೆಸುಗೆ ದುರ್ಬಲವಾದಲ್ಲಿ ನಡುರಾತ್ರಿ ಬಿರುಕಾಗುತ್ತದೆ. ಅದನ್ನು ಹುಡುಕುತ್ತ ಗ್ಯಾಂಗ್‌ಮನ್‌ಗಳು ದೀಪ ಹಿಡಿದು ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆಯಿಡುತ್ತಾರೆ. ಕಾವಳ ಕವಿದಾಗ ಉತ್ತರದ ಬಯಲಿನಲ್ಲಿ ಸಿಗ್ನಲ್ಲಿಗೆ 270 ಮೀಟರ್ ಮುಂಚೆ ಹಳಿಗೆ ಪಟಾಕಿ ಕಟ್ಟುತ್ತಾರೆ. ಚಕ್ರದಡಿಯಲ್ಲಿ ಅದು ಸಿಡಿದಾಗ, ಕಾಣದ ಸಿಗ್ನಲ್ಲು ಚಾಲಕನ ಕಿವಿಗೆ ಕೇಳುತ್ತದೆ.

ಸರಕುಗಾಡಿಯ ಕಷ್ಟ ಬೇರೆ. ಕೆನಡಾದ ಕಡುಚಳಿಯಲ್ಲಿ ಬ್ರೇಕಿನ ಗಾಳಿ ಸೋರಿ ಕೊನೆಯ ವ್ಯಾಗನ್ನಿನವರೆಗೆ ಸರಿಯಾಗಿ ತಲುಪದ ಕಾರಣ ಗಾಡಿಗಳ ಉದ್ದವನ್ನೇ ತಗ್ಗಿಸುತ್ತಾರೆ. ಸಾಗುವ ಸರಕು ಕಡಿಮೆಯಾಗುತ್ತದೆ. ನಮ್ಮಲ್ಲಿಯೂ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ಲೂಪ್ ಲೈನಿನಲ್ಲಿ ಕಾಯುವುದು ಗೂಡ್ಸ್ ಗಾಡಿಯೇ. ಪ್ರಯಾಣಿಕನಿಗೆ ಬಾಯಿಯುಂಟು, ಕಲ್ಲಿದ್ದಲಿಗಿಲ್ಲ. ಆದರೆ ಕಲ್ಲಿದ್ದಲು ತಡವಾದರೆ ಆರುವುದು ಆ ಪ್ರಯಾಣಿಕನ ಮನೆಯ ದೀಪವೇ.

ಆದುದರಿಂದ, ವೇಗವನ್ನು ತಗ್ಗಿಸಿ ತಡವಾಗಿ ಬಂದ ಗಾಡಿಯನ್ನು ನಾನು ಬಯ್ಯಲಾರೆ. ಎಚ್ಚರವಿಲ್ಲದೆ ವೇಳೆಗೆ ಸರಿಯಾಗಿ ಬಂದುದನ್ನು ಹೊಗಳಲಾರೆ. ಹೊರದೇಶದ ಯಂತ್ರಗಳನ್ನು ಹಂಬಲಿಸುವ ಮೊದಲು, ಇರುಳಿನ ಗಸ್ತಿನವನಿಗೆ ಒಳ್ಳೆಯ ದೀಪ, ಬೆಚ್ಚನೆಯ ಉಡುಪು, ಸಾಕಷ್ಟು ವಿಶ್ರಾಂತಿ ದೊರೆಯುತ್ತಿವೆಯೇ ಎಂದು ಕೇಳೋಣ.