ಕೀಸುಳಿಯ ಪೂರ್ವಾಪರ

ಎರಕದ ಕಬ್ಬಿಣದ ಯಂತ್ರಭಾಗಗಳಲ್ಲಿ ಬಹುಪಾಲು ಲೋಹವಾಗುವುದಕ್ಕೆ ಮೊದಲು ಮರವಾಗಿದ್ದುವೆಂಬುದನ್ನು, ಕೊಯಮತ್ತೂರಿನ ಪಂಪುಗಳನ್ನೂ ಮೋಟಾರುಗಳನ್ನೂ ನಿತ್ಯ ಬಳಸುವ ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಮೊದಲು ಮರದಲ್ಲಿ ಒಂದು ಮಾದರಿಯನ್ನು ಕೆತ್ತಿ, ಅದನ್ನು ಮರಳಿನಲ್ಲಿ ಒತ್ತಿ ಹುಷಾರಾಗಿ ಹೊರತೆಗೆದು, ಅದು ಬಿಟ್ಟುಹೋದ ಟೊಳ್ಳಿನೊಳಕ್ಕೆ ಕಾದ ಲೋಹವನ್ನು ಹೊಯ್ಯುವುದು ಫೌಂಡ್ರಿಯ ಕ್ರಮ; ಅವರ ಮಾತಿನಲ್ಲಿ ಆ ಮಾದರಿಗೆ ಪ್ಯಾಟರ್ನ್ ಎಂದು ಹೆಸರು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಈ ಊರಿನಲ್ಲಿ ನೂಲಿನ ಗಿರಣಿಯನ್ನು ಸ್ಥಾಪಿಸಿದ ಮೇಲೆ ಗಿರಣಿಗಳ ಸಂಖ್ಯೆ ಬೆಳೆದು, ಅವುಗಳ ದುರಸ್ತಿಗಾಗಿ ಎರಕದ ಮನೆಗಳು ತಲೆಯೆತ್ತಿ, 1932ರಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ತು ಹರಿದುಬಂದು, 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಅವರ ಪ್ರಯತ್ನದಿಂದ ದೇಶದ ಮೊದಲನೆಯದೆಂದು ಪ್ರಸಿದ್ಧವಾದ ವಿದ್ಯುತ್ ಮೋಟಾರು ಸಿದ್ಧವಾದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಮೋಟಾರಿನ ಹೊರಕವಚವನ್ನು ಮೊದಲು ಮರದಲ್ಲಿ ರೂಪಿಸಿದ ಆಚಾರಿಯ ಹೆಸರಾಗಲಿ, ಅವನ ಕೈಯಲ್ಲಿದ್ದ ಕೀಸುಳಿಯ ಕುಲಗೋತ್ರವಾಗಲಿ ಆ ಕಥೆಯೊಳಗೆ ಬರುವುದಿಲ್ಲ.

ಅಂಥ ಕೀಸುಳಿಗಳು ಈಗ ಉಕ್ಕಡದ ಕಡೆಯ ಗುಜರಿ ಅಂಗಡಿಗಳಲ್ಲಿಯೂ, ತಿರುಪ್ಪೂರು ಪಲ್ಲಡಂಗಳ ಹಳೆಯ ಕಬ್ಬಿಣದ ರಾಶಿಗಳಲ್ಲಿಯೂ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಇಲ್ಲಿಯ ಬಡಗಿಗಳು ಇಳೈಪ್ಪುಳಿ ಎಂದು ಕರೆಯುವ ಈ ಉಪಕರಣದ ಕಬ್ಬಿಣದ ಒಡಲು ಸಾಮಾನ್ಯವಾಗಿ ಉಳಿದಿರುತ್ತದೆ. ಅಲಗನ್ನು ಅದುಮಿ ಹಿಡಿಯುವ ಲಿವರ್ ಕ್ಯಾಪು, ಅಲಗಿನ ಆಳವನ್ನು ಏರಿಳಿಸುವ ಹಿತ್ತಾಳೆಯ ತಿರುಪು, ಹಿಂದಣ ಹಿಡಿ ಇವು ಕಾಣೆಯಾಗಿರುತ್ತವೆ. ಹೀಗೆ ಅಂಗಹೀನವಾಗಿ ದೊರೆತ ಒಂದು ಕೀಸುಳಿ ನನ್ನಲ್ಲಿಯೂ ಉಂಟು. ಅದನ್ನು ಸರಿಪಡಿಸಹೊರಟಾಗ ನನಗೆ ಮನವರಿಕೆಯಾದುದು ಇಷ್ಟು: ದುರಸ್ತಿಗೆ ಮೊದಲು ವಾಚನ ಆಗಬೇಕು, ವಸ್ತು ಯಾವುದೆಂದು ಓದಿ ತಿಳಿಯದೆ ಅದಕ್ಕೆ ಅಂಗವನ್ನು ಜೋಡಿಸುವವನು ಉಳಿದುಬಂದ ಸಾಕ್ಷ್ಯವನ್ನೂ ಕೆಡಿಸುತ್ತಾನೆ.

ಈ ವಾಚನದಲ್ಲಿ ಮೊದಲು ಅವಿಶ್ವಾಸಕ್ಕೆ ಅರ್ಹವಾದುದು ಅಲಗು. ಅಲಗಿನ ಮೇಲೆ ಇಂಗ್ಲೆಂಡಿನ ಶೆಫೀಲ್ಡಿನ ಯಾವುದೋ ಮನೆತನದ ಮುದ್ರೆಯನ್ನು ಕಂಡೊಡನೆ ಇಡೀ ಉಪಕರಣವೇ ಅಲ್ಲಿಯದೆಂದು ಹಿಗ್ಗುವವರುಂಟು. ಆದರೆ ಮಸೆದು ಮಸೆದು ಸವೆಯುವ ಅಲಗೇ ಎಲ್ಲಕ್ಕಿಂತ ಮೊದಲು ಬದಲಾಗತಕ್ಕ ಭಾಗವಾದುದರಿಂದ, ಅದು ಹೇಳುವುದು ಕೊನೆಯ ಯಜಮಾನನ ಕೊಳ್ಳುವಿಕೆಯನ್ನೇ ಹೊರತು ಒಡಲಿನ ಹುಟ್ಟನ್ನಲ್ಲ. ಹುಟ್ಟನ್ನು ತಿಳಿಯಬೇಕಾದರೆ ಅಲಗು ಒರಗುವ, ಫ್ರಾಗ್ ಎಂಬ ತುಂಡಿನ ಹಿಂದಣ ಹಾಸನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಬೇಕು. ಅಮೆರಿಕದ ಲೆನರ್ಡ್ ಬೇಲಿ ಎಂಬಾತ ಕಲ್ಪಿಸಿದ ಮಾದರಿಯನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ತನ್ನದಾಗಿಸಿಕೊಂಡಿತು. 1902ರ ಎರಡು ಪೇಟೆಂಟುಗಳ ದಿನಾಂಕಗಳನ್ನೂ ಬಳಿಕ 1910ರ ಏಪ್ರಿಲ್ 19ರ ದಿನಾಂಕವನ್ನೂ ಆ ಹಾಸಿನಲ್ಲೇ ಎರಕ ಹೊಯ್ಯಿಸಿತು. ನನ್ನ ಕೀಸುಳಿಯಲ್ಲಿ ಮೂರು ದಿನಾಂಕಗಳೂ ಇವೆ. ಮೂಗಿನ ಬಳಿ ಬೇಲಿಯ ಹೆಸರೂ ಇದೆ. ಉದ್ದ 14 ಇಂಚು. ಆದುದರಿಂದ ಅದು ಐದನೆಯ ನಂಬರಿನ ಸ್ಟ್ಯಾನ್ಲಿ, ಸುಮಾರು 1910ರಿಂದ 1918ರೊಳಗಣದು. 1931ರಿಂದ ಶೆಫೀಲ್ಡಿನಲ್ಲಿ ತಯಾರಾದ ರೆಕಾರ್ಡ್ ಕೀಸುಳಿಗಳೂ, ಆಮೇಲೆ ನಮ್ಮ ದೇಶದಲ್ಲಿಯೇ ಆದ ಅನಂತ್ ಮೊದಲಾದುವೂ ಇದೇ ಬೇಲಿಯ ಕಲ್ಪನೆಯ ಸಂತಾನಗಳಾದುದರಿಂದ, ದೂರದಿಂದ ನೋಡಿದವನಿಗೆ ಎಲ್ಲವೂ ಒಂದೇ.

ಕಾಲ ನಿರ್ಣಯವಾದ ಮೇಲೆ ಕಾಣೆಯಾದ ಭಾಗದ ಆಕಾರವೂ ತಾನಾಗಿ ನಿರ್ಣಯವಾಗುತ್ತದೆ. ಲಿವರ್ ಕ್ಯಾಪಿನ ನಡುವಣ ರಂಧ್ರ 1933ರ ಅನಂತರದ ಸ್ಟ್ಯಾನ್ಲಿಗಳಲ್ಲಿ ಮೂತ್ರಪಿಂಡದ ಆಕಾರದ್ದು. ಅದಕ್ಕೆ ಹಿಂದಿನವುಗಳಲ್ಲಿ ಬೀಗದ ಕೈ ತೂರುವ ಕಿಂಡಿಯ ಆಕಾರದ್ದು. ಹೊಸ ಕಾಲದ ಕ್ಯಾಪನ್ನು ಹಳೆಯದಕ್ಕೆ ತೊಡಿಸಿದರೂ ಕೆಲಸ ನಡೆಯುತ್ತದೆ, ನಿಜ. ಕೆಲಸ ನಡೆಯುವುದೇ ಉಪಕರಣಕ್ಕೆ ಮುಖ್ಯವೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಯಮತ್ತೂರಿನಲ್ಲಿ ಕುಳಿತವನಿಗೆ ಸರಿಯಾದುದನ್ನೇ ಮಾಡಿಸಿಕೊಳ್ಳುವ ಸೌಕರ್ಯವಿರುವಾಗ ಅಷ್ಟಕ್ಕೆ ತೃಪ್ತಿಪಡುವುದು ಸೋಮಾರಿತನವೇ ಸರಿ.

ಅದೇ ಕಾಲದ ಒಂದು ಕ್ಯಾಪನ್ನು ಸ್ನೇಹಿತರೊಬ್ಬರಿಂದ ಎರವಲು ತಂದು, ಗಣಪತಿ ಎಂಬ ಬಡಾವಣೆಯಲ್ಲಿ ಪ್ಯಾಟರ್ನ್ ಕೆಲಸ ಮಾಡುವ ವೃದ್ಧರೊಬ್ಬರ ಮುಂದೆ ಇಟ್ಟೆ. ಅವರು ದೇವಾಂಗರು, ಮನೆಯ ಮಾತು ಕನ್ನಡ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದು, 1956ರವರೆಗೆ ಕೊಳ್ಳೇಗಾಲವನ್ನು ತನ್ನ ತಾಲ್ಲೂಕಾಗಿ ಇರಿಸಿಕೊಂಡಿದ್ದ ಜಿಲ್ಲೆಯಲ್ಲಿ ನೇಕಾರರ ಮನೆಗಳಿಂದ ಕನ್ನಡ ಕೇಳಿಬರುವುದು ಆಶ್ಚರ್ಯವಲ್ಲ. ಇದನ್ನೇ ಮರಳಿನಲ್ಲಿ ಒತ್ತಿ ಎರಕ ತೆಗೆಯಬಹುದಲ್ಲವೆ ಎಂದು ನಾನು ಕೇಳಿದುದಕ್ಕೆ ಅವರು ನಕ್ಕು, “ಒತ್ತಬಹುದು ಅಯ್ಯಾ, ಆದರೆ ಹುಟ್ಟೋದು ಇದಲ್ಲ, ಇದರ ತಮ್ಮ” ಎಂದರು.

ಆ ಮಾತಿನ ಹಿಂದಿರುವ ಶಾಸ್ತ್ರ ಸ್ವಲ್ಪ ವಿವರಣೆಗೆ ಯೋಗ್ಯವಾದುದು. ಕರಗಿದ ಕಬ್ಬಿಣ ಘನೀಭವಿಸಿ ತಣ್ಣಗಾಗುವಾಗ ಅಡಿಗೆ ಸುಮಾರು 1/8 ಇಂಚಿನಷ್ಟು, ಎಂದರೆ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಆದುದರಿಂದ ಪ್ಯಾಟರ್ನ್ ಮಾಡುವವರು ಸಾಧಾರಣ ಅಳತೆಗೋಲನ್ನು ಬಳಸದೆ, ಒಂದು ಅಡಿಯೆಂದು ಗುರುತುಮಾಡಿದ ಜಾಗದಲ್ಲಿ ವಾಸ್ತವವಾಗಿ 12 1/8 ಇಂಚು ಇರುವ ವಿಶೇಷವಾದ ಕೋಲನ್ನು ಬಳಸುತ್ತಾರೆ. ಕುಗ್ಗುವ ಪ್ರಮಾಣ ಕೋಲಿನಲ್ಲಿಯೇ ಅಡಗಿರುವುದರಿಂದ ಅವರು ಲೆಕ್ಕ ಹಾಕಬೇಕಾಗಿಲ್ಲ. ಇದಲ್ಲದೆ ಮರಳಿನಿಂದ ಸಲೀಸಾಗಿ ಎದ್ದುಬರುವಂತೆ ಪಕ್ಕಗಳಿಗೆ ಕಿಂಚಿತ್ ಓರೆಯನ್ನೂ, ಆಮೇಲೆ ಅರದಿಂದ ತೀಡಿ ನಯಮಾಡಬೇಕಾದ ಮೈಗಳಿಗೆ ಅಷ್ಟು ಹೆಚ್ಚು ದಪ್ಪವನ್ನೂ ಕೊಡಬೇಕು. ಇದಾವುದೂ ಇಲ್ಲದೆ ಮೂಲವಸ್ತುವನ್ನೇ ಮಾದರಿಯಾಗಿ ಒತ್ತಿದರೆ, ಎರಡು ಇಂಚು ಅಗಲದ ಕ್ಯಾಪು 1/50 ಇಂಚು ಕಿರಿದಾಗುತ್ತದೆ, ಅರ ತಾಕಿದ ಮೇಲೆ ಇನ್ನಷ್ಟು ತೆಳುವಾಗುತ್ತದೆ. ನಕಲಿನಿಂದ ನಕಲು ತೆಗೆದರೆ ಕುಗ್ಗುವಿಕೆಯೂ ತಲೆಮಾರಿನಿಂದ ತಲೆಮಾರಿಗೆ ಕೂಡುತ್ತ ಹೋಗುತ್ತದೆ.

ಇದೇ ನಿಯಮ ವಸ್ತುವನ್ನು ಗುರುತಿಸುವುದಕ್ಕೂ ನೆರವಾಗುವುದು. ಯಾವನಾದರೂ ವಿದೇಶೀ ಕೀಸುಳಿಯ ಒಡಲನ್ನೇ ಮರಳಿನಲ್ಲಿ ಒತ್ತಿ ನಕಲು ತೆಗೆದಿದ್ದ ಪಕ್ಷದಲ್ಲಿ, ಅದರ ಮೇಲಣ ಇಂಗ್ಲಿಷ್ ಅಕ್ಷರಗಳು ಮೂಲದಲ್ಲಿದ್ದಂತೆಯೇ ಮೂಡಿಬಂದಾವು, ಆದರೆ 14 ಇಂಚಿರಬೇಕಾದ ತಳ ಸುಮಾರು 1/7 ಇಂಚು ಕಡಮೆ ಬಂದೀತು. ಅಕ್ಷರ ಸುಳ್ಳಾಡಿದರೂ ಅಳತೆ ಸುಳ್ಳಾಡುವುದಿಲ್ಲವಾದುದರಿಂದ, ಸಂಗ್ರಾಹಕನಾದವನು ಭೂತಗನ್ನಡಿಯ ಜೊತೆಗೆ ಒಂದು ಒಳ್ಳೆಯ ಉಕ್ಕಿನ ಸ್ಕೇಲನ್ನೂ ಇಟ್ಟುಕೊಳ್ಳತಕ್ಕದ್ದು.

ವೃದ್ಧರು ತೇಗದಲ್ಲಿ ಪ್ಯಾಟರ್ನ್ ಮಾಡಿದರು. ಅದರ ಮೈಯನ್ನು ಅವರು ತಮ್ಮ ಮರದ ಕೀಸುಳಿಯಿಂದ ನಯಗೊಳಿಸುತ್ತಿದ್ದುದನ್ನು ನೋಡುತ್ತ ಕುಳಿತಿದ್ದ ನನಗೆ, ಬಾಸ್ಟನ್ನಿನಲ್ಲಿ ಬೇಲಿಯ ಮೊದಲ ಕಬ್ಬಿಣದ ಕೀಸುಳಿಯೂ ಇಂಥದೇ ಒಂದು ಮರದ ಕೀಸುಳಿಯ ಬಾಯಿಂದ ಹೊರಬಂದಿರಬೇಕೆಂದು ತೋರಿತು. ಎರಕ ಚೆನ್ನಾಗಿ ಬಂತು.

ಹಿತ್ತಾಳೆಯ ತಿರುಪು ಬೇರೊಂದು ಬಗೆಯ ತೊಡಕು. ಸ್ಟ್ಯಾನ್ಲಿಯಲ್ಲಿ ಅದು ಸುತ್ತುವ ಮೊಳೆ 9/32 ಇಂಚು ವ್ಯಾಸದ್ದು, ಇಂಚಿಗೆ 24 ಥ್ರೆಡ್ಡಿನದು, ಮೇಲಾಗಿ ಎಡಗೈ ಥ್ರೆಡ್ಡಿನದು. ಮಿಲಿಮೀಟರಿನ ಲೆಕ್ಕದಲ್ಲಿ ಅದರ ಥ್ರೆಡ್ಡುಗಳ ಅಂತರ 1.058. ಒಂದು ಮಿಲಿಮೀಟರು ಅಂತರದ, ಏಳು ಮಿಲಿಮೀಟರಿನ ಎಡಗೈ ತಿರುಪು ಅದಕ್ಕೆ ಹೊಂದುವುದೆಂದು ಭ್ರಮೆಪಟ್ಟು ಬಲವಂತವಾಗಿ ತಿರುಗಿಸಿದರೆ, ಮೊದಲೆರಡು ಸುತ್ತು ಒಪ್ಪಿದಂತೆ ನಟಿಸಿ ಬಳಿಕ ಕಚ್ಚಿಕೊಂಡು, ಉಳಿದಿದ್ದ ಹಳೆಯ ಮೊಳೆಯನ್ನೂ ಕೆಡಿಸಿಬಿಡುತ್ತದೆ. ಪೀಳಮೇಡಿನ ಕಡೆಯ ಲೇತುಗಳಲ್ಲಿ ಇಂಚಿನ ಥ್ರೆಡ್ಡು ಕತ್ತರಿಸುವ ಹಳೆಯ ಕೈಗಳು ಇನ್ನೂ ಇವೆ. ಎಡಗೈ ಎಂಬ ಮಾತನ್ನು ಮಾತ್ರ ಎರಡು ಸಲ ಹೇಳಿ ಬರುವುದು ಕ್ಷೇಮ.

ಹಿಡಿಗೆ ಮೂಲದಲ್ಲಿ ಬಳಸಿದುದು ಬ್ರೆಜಿಲಿನ ರೋಸ್‌ವುಡ್. ಆನೆಮಲೆಯ ಬೀಟೆ ಅದೇ ಡಾಲ್ಬರ್ಜಿಯ ಕುಲದ್ದಾದುದರಿಂದ ಇದಕ್ಕಿಂತ ಉಚಿತವಾದ ಪ್ರತಿನಿಧಿ ಬೇಕಾಗಿಲ್ಲ. ತಮಿಳುನಾಡಿನಲ್ಲಿ ಬೀಟೆಯ ಸಂರಕ್ಷಣೆಗೆಂದೇ 1994ರಲ್ಲಿ ಕಾಯಿದೆ ಮಾಡಬೇಕಾಗಿ ಬಂದಿತ್ತಾದುದರಿಂದ, ಹಸಿ ಮರದ ಯೋಚನೆಯನ್ನು ಬಿಟ್ಟು ಮುರಿದ ಕುರ್ಚಿಯ ಕಾಲೊಂದನ್ನು ಹುಡುಕಬೇಕು. ಮರದ ಎಳೆ ಕೀಸುಳಿಯ ತಳಕ್ಕೆ ಸಮಾಂತರವಾಗಿ ಓಡಬೇಕು. ಕಂಬಿ ತೂರುವ ಉದ್ದ ರಂಧ್ರವನ್ನು ಹಿಡಿಗೆ ಆಕಾರ ಕೊಡುವ ಮೊದಲೇ ಕೊರೆಯಬೇಕು. ಇನ್ನು ಶುಚಿಮಾಡುವುದಕ್ಕೆ, ತುಕ್ಕಿಗೆ ಸೀಮೆಎಣ್ಣೆ, ಹಿತ್ತಾಳೆಗೆ ಹುಣಸೆಹಣ್ಣು ಸಾಕು. ಯಂತ್ರದ ಚಕ್ರಕ್ಕೆ ಕೊಟ್ಟು ಕನ್ನಡಿಯಂತೆ ಹೊಳೆಯಿಸುವವರು ಆ ಮೂರು ದಿನಾಂಕಗಳನ್ನೂ ಉಜ್ಜಿಹಾಕುತ್ತಾರೆ. ಅದು ಜೀರ್ಣೋದ್ಧಾರವಲ್ಲ, ಅಪಹಾರ.

ಕೊಯಮತ್ತೂರಿನ ಸುತ್ತಣ ಕೊಂಗುನಾಡಿನಲ್ಲಿರುವ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಅಟ್ಟದ ಮೇಲೆ ಇಂಥದೊಂದು ಬಿದ್ದಿದ್ದರೆ, ಗುಜರಿಯವನಿಗೆ ತೂಗಿಕೊಡುವ ಮೊದಲು ಫ್ರಾಗಿನ ಹಿಂದಣ ಹಾಸನ್ನು ಒಮ್ಮೆ ತೊಳೆದು ಓದಿರಿ. ಸರಿಪಡಿಸಿದರೆ, ಹೊಸದಾಗಿ ಮಾಡಿಸಿದ ಪ್ರತಿಯೊಂದು ಭಾಗದ ಒಳಮೈಯಲ್ಲಿಯೂ ಅದನ್ನು ಮಾಡಿದ ವರ್ಷವನ್ನು ಕೊರೆಯಿಸಿರಿ.